ಕಣ್ಣು ಮಂಜಾದರೆ ಕಾಯಬೇಡಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ಮುಖ್ಯೋಪಾಧ್ಯಾಯರು ಫೋನ್ ಮಾಡಿದ್ದರು. "ನೀವು ಬಿ.ಇ. ಮಾಡಿ ಸಾಫ್ಟ್‌ವೇರ್‌ನಲ್ಲಿದ್ದೀರಿ. ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ, ಈಗ ಬಂದಿರುವ ಎಐ ಬಗ್ಗೆ ಅರ್ಧ ಗಂಟೆ ಮಾತಾಡಿ" ಅಂದರು. ಒಪ್ಪಿಕೊಂಡೆ. ಎರಡು ದಿನ ಕೂತು ಬರೆದೂ ಬರೆದೆ. ಆಮೇಲೆ ನಾನೇ ಫೋನ್ ಮಾಡಿ, "ಸಾರ್, ಕಂಪ್ಯೂಟರ್ ವಿಷಯ ಬೇರೆಯವರೂ ಹೇಳುತ್ತಾರೆ. ನಾನು ಕಣ್ಣಿನ ಬಗ್ಗೆ ಮಾತಾಡಲಾ?" ಎಂದು ಕೇಳಿದೆ. ಅವರಿಗೆ ಸ್ವಲ್ಪ ಆಶ್ಚರ್ಯವಾಯಿತು. ಆದರೆ ಬೇಡ ಅನ್ನಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಔಷಧಿ ಹೇಳುವ ಅಧಿಕಾರ ನನಗಿಲ್ಲ, ಹೇಳುವುದೂ ಇಲ್ಲ. ಕಣ್ಣು ಮಂಜಾದರೆ ಯಾಕೆ ಮಂಜಾಗಬಹುದು, ಯಾವಾಗ ನಾಳೆ ನೋಡೋಣ ಅನ್ನಬಹುದು, ಯಾವಾಗ ಈಗಲೇ ಹೊರಡಬೇಕು, ಇಷ್ಟನ್ನು ಮಾತ್ರ ಹೇಳುತ್ತೇನೆ. ಇದನ್ನು ನಾನು ಕಲಿತದ್ದು ಎರಡು ಕಡೆ. ಒಂದು ಈ ಶಾಲೆಯ ಎಂಟನೇ ಕ್ಲಾಸಿನಲ್ಲಿ. ಇನ್ನೊಂದು ನನ್ನ ಅಪ್ಪನ ಜೊತೆ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕೂತು. ಅಪ್ಪ ಇವತ್ತು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಅವರನ್ನು ಕೇಳಿಯೇ ಅವರ ವಿಷಯ ಹೇಳುತ್ತಿದ್ದೇನೆ.

ಎಂಟನೇ ಕ್ಲಾಸಿಗೆ ಸೇರಿದಾಗ ನಾನು ಉದ್ದ ಇದ್ದೆ ಅಂತ ಕೊನೆಯ ಬೆಂಚಿಗೆ ಕಳಿಸಿದರು. ಅಲ್ಲಿಂದ ಕರಿಹಲಗೆ ನನಗೆ ಬರೀ ಬಿಳಿ ಗೀಟುಗಳ ಹಾಗೆ ಕಾಣುತ್ತಿತ್ತು. ಎಲ್ಲರಿಗೂ ಹಾಗೇ ಕಾಣುತ್ತದೆ ಎಂದು ನಾನು ತಿಳಿದಿದ್ದೆ. ಪಕ್ಕದವನ ನೋಟ್ ಬುಕ್ ನೋಡಿ ಬರೆದುಕೊಳ್ಳುತ್ತಿದ್ದೆ. ಗಣಿತದ ಮೇಷ್ಟ್ರು ಇವನು ಕಾಪಿ ಹೊಡೆಯುತ್ತಾನೆ ಅಂತ ಎರಡು ಸಲ ಕೈಗೆ ಬಾರಿಸಿದರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಇಪ್ಪತ್ತೆರಡು ಬಂತು.

ಆದರೆ ಆ ಮೇಷ್ಟ್ರು ಒಂದು ವಿಷಯ ಗಮನಿಸಿದರು. ಬೋರ್ಡ್ ಮೇಲೆ ಬರೆದುಕೊಟ್ಟ ಲೆಕ್ಕದಲ್ಲಿ ನಾನು 3 ಇದ್ದಲ್ಲಿ 8, 6 ಇದ್ದಲ್ಲಿ 0 ಬರೆದುಕೊಳ್ಳುತ್ತಿದ್ದೆ. ಲೆಕ್ಕ ಮಾಡಿದ ರೀತಿ ಸರಿಯಾಗಿರುತ್ತಿತ್ತು, ಉತ್ತರ ತಪ್ಪಾಗುತ್ತಿತ್ತು. ಒಂದು ದಿನ ನನ್ನನ್ನು ನಿಲ್ಲಿಸಿ, "ಬೋರ್ಡ್ ಮೇಲೆ ಏನು ಬರ್ದಿದೀನಿ, ಓದೋ" ಅಂದರು. ಓದಲಾಗಲಿಲ್ಲ. "ಒಂದೊಂದೇ ಹೆಜ್ಜೆ ಮುಂದೆ ಬಾ, ಕಂಡ ಕೂಡ್ಲೆ ಹೇಳು" ಅಂದರು. ನಾನು ನಡೆಯುತ್ತಾ ನಡೆಯುತ್ತಾ ಎರಡನೇ ಬೆಂಚಿನ ಹತ್ತಿರ ಬಂದು ನಿಂತೆ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಅವತ್ತು ಸಂಜೆ ಸೈಕಲ್ ತಳ್ಳಿಕೊಂಡು ನಮ್ಮ ಮನೆಗೆ ಬಂದು ಅಪ್ಪನಿಗೆ, "ಹುಡುಗನ ತಲೆ ಸರಿಯಾಗೇ ಇದೆ, ಕಣ್ಣು ತೋರಿಸಿ" ಅಂದರು.

ತುಮಕೂರಿಗೆ ಹೋಗಿ ಕನ್ನಡಕ ಹಾಕಿಸಿಕೊಂಡು ಬಂದೆ. ಮರುದಿನ ಬೆಳಗ್ಗೆ ಪ್ರಾರ್ಥನೆಗೆ ನಿಂತಾಗ ಬಾವುಟದ ಕಂಬದ ಆಚೆ ಇರುವ ಹೊಂಗೆ ಮರದಲ್ಲಿ ಒಂದೊಂದು ಎಲೆಯೂ ಬೇರೆ ಬೇರೆ ಕಂಡಿತು. ಅಲ್ಲಿಯವರೆಗೆ ನನಗೆ ಮರ ಅಂದರೆ ಒಂದು ಹಸಿರು ಮುದ್ದೆ. ಹುಡುಗರು ಸೋಡಾಬುಡ್ಡಿ ಅಂತ ಹೆಸರಿಟ್ಟರು. ಅವರಲ್ಲಿ ಕೆಲವರು ಇಲ್ಲೇ ಕೂತಿದ್ದೀರಿ. ಈಗ ನಿಮ್ಮಲ್ಲೂ ಮೂರು ಜನಕ್ಕೆ ಕನ್ನಡಕ ಬಂದಿದೆ, ಲೆಕ್ಕ ಚುಕ್ತಾ ಆಯಿತು. ಆ ವರ್ಷದ ವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ನನಗೆ ಎಪ್ಪತ್ತೊಂಬತ್ತು ಬಂತು.

ಇದೇ ಕ್ಲಾಸಿನಲ್ಲಿ ಇನ್ನೊಬ್ಬಳಿಗೂ ಬೋರ್ಡ್ ಕಾಣುತ್ತಿರಲಿಲ್ಲ. ಹೆಸರು ಹೇಳುವುದಿಲ್ಲ. ಮೇಷ್ಟ್ರು ಅವರ ಮನೆಗೂ ಹೋಗಿದ್ದರು. "ಹೆಣ್ಣುಡುಗಿಗೆ ಈಗಲೇ ಕನ್ನಡಕ ಹಾಕ್ಸಿದ್ರೆ ನಾಳೆ ಗಂಡು ಯಾರು ಒಪ್ತಾರೆ ಮೇಷ್ಟ್ರೇ?" ಅಂದರಂತೆ. ಅವಳು ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ, ವಿಜ್ಞಾನ ಎರಡೂ ಫೇಲಾದಳು. ಮತ್ತೆ ಕಟ್ಟಲಿಲ್ಲ. ನನಗಿಂತ ಚೆನ್ನಾಗಿ ಬಾಯಿಲೆಕ್ಕ ಮಾಡುತ್ತಿದ್ದ ಹುಡುಗಿ ಅವಳು. ಇಬ್ಬರದೂ ಒಂದೇ ತೊಂದರೆ. ಒಬ್ಬರಿಗೆ ಕನ್ನಡಕ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ. ಇಲ್ಲಿರುವ ತಾಯಂದಿರಲ್ಲಿ ಕೈಮುಗಿದು ಕೇಳುತ್ತೇನೆ, ನಿಮ್ಮ ಮಗಳ ಕಣ್ಣಿಗೆ ಕನ್ನಡಕ ಬೇಕು ಅಂದರೆ ಹಾಕಿಸಿ.

ಈಗ ಮಕ್ಕಳಿಗೆ ಒಂದು ಪ್ರಶ್ನೆ. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಕಣ್ಣಿನ ಪಾಠ ಇದೆ, ಅಲ್ಲವೇ? ಅದನ್ನೇ ನೆನಪಿಸಿಕೊಳ್ಳಿ. ಕಣ್ಣಿನ ಮುಂದೆ ಗಾಜಿನಂಥ ತೆಳುವಾದ ಪದರ, ಅದು ಕಾರ್ನಿಯಾ. ಅದರ ಹಿಂದೆ ಪಾಪೆ, ಪಾಪೆಯ ಹಿಂದೆ ಮಸೂರ. ಹಿಂದಿನ ಗೋಡೆಗೆ ಅಂಟಿಕೊಂಡಿರುವುದು ಅಕ್ಷಿಪಟಲ, ಅಂದರೆ ರೆಟಿನಾ. ಅಲ್ಲಿ ಮೂಡಿದ ಚಿತ್ರವನ್ನು ನರವೊಂದು ಮಿದುಳಿಗೆ ಒಯ್ಯುತ್ತದೆ. ಬೆಳಕು ಈ ದಾರಿಯಲ್ಲಿ ಎಲ್ಲಿ ತಡೆದರೂ ನಮಗೆ ಅನ್ನಿಸುವುದು ಒಂದೇ, ಕಣ್ಣು ಮಂಜು. ಕಾರ್ನಿಯಾದ ಗಾಯಕ್ಕೂ ಮಂಜು, ಮಸೂರದ ಪೊರೆಗೂ ಮಂಜು, ರೆಟಿನಾದ ರಕ್ತಸ್ರಾವಕ್ಕೂ ಮಂಜು, ನರ ಸೊರಗಿದರೂ ಮಂಜು. ಆದ್ದರಿಂದ ಮಂಜು ಅನ್ನುವುದು ಕಾಯಿಲೆಯ ಹೆಸರಲ್ಲ. ಜ್ವರ ಬಂದಿದೆ ಅಂದ ಹಾಗೆ ಅದು ಒಂದು ಲಕ್ಷಣ ಅಷ್ಟೇ.

ನಮ್ಮ ಕೆಲಸದಲ್ಲಿ ಯಾವುದಾದರೂ ಸಿಸ್ಟಮ್ ಕೆಟ್ಟರೆ ಕೂಡಲೇ ರಿಪೇರಿಗೆ ಕೈ ಹಾಕುವುದಿಲ್ಲ. ಮೊದಲು ಕೆಲವು ಪ್ರಶ್ನೆ ಕೇಳುತ್ತೇವೆ. ಯಾವಾಗಿನಿಂದ? ಒಂದರಲ್ಲೋ ಎಲ್ಲದರಲ್ಲೋ? ಯಾವಾಗಲೂ ಇದೆಯೋ, ಬಂದು ಬಂದು ಹೋಗುತ್ತದೆಯೋ? ಜೊತೆಗೆ ಇನ್ನೇನಾದರೂ ಆಗಿದೆಯೋ? ಕಣ್ಣಿನ ಡಾಕ್ಟರೂ ಅಪ್ಪನಿಗೆ ಮೊದಲು ಕೇಳಿದ್ದು ಇವೇ ನಾಲ್ಕು ಪ್ರಶ್ನೆ. ಇವನ್ನು ನೀವೂ ಮನೆಯಲ್ಲಿ ಕೇಳಿಕೊಳ್ಳಬಹುದು.

ಮೊದಲನೆಯದು, ಒಂದು ಕಣ್ಣೋ ಎರಡೂ ಕಣ್ಣೋ? ಇದು ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ಎರಡು ಎತ್ತು ಎಳೆಯುವ ಗಾಡಿಯಲ್ಲಿ ಒಂದು ಸುಸ್ತಾದರೆ ಇನ್ನೊಂದು ಎಳೆದುಕೊಂಡು ಹೋಗುತ್ತದೆ. ಕಣ್ಣೂ ಹಾಗೆಯೇ. ಒಂದು ಕಣ್ಣು ಪೂರ್ತಿ ಹೋಗುವವರೆಗೂ ನಮಗೆ ತಿಳಿಯದೇ ಇರಬಹುದು. ಎಲ್ಲರ ಮನೆಯ ಗೋಡೆಯ ಮೇಲೂ ದೊಡ್ಡ ಅಂಕಿಯ ಕ್ಯಾಲೆಂಡರ್ ಇರುತ್ತದೆ. ಪ್ರತಿ ತಿಂಗಳು ಹಾಳೆ ತಿರುವಿ ಹಾಕುವ ದಿನ ಏಳೆಂಟು ಹೆಜ್ಜೆ ದೂರ ನಿಂತು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ತಾರೀಕು ಓದಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದಿ. ಕಣ್ಣನ್ನು ಒತ್ತಬೇಡಿ, ಸುಮ್ಮನೆ ಮುಚ್ಚಿ. ಎರಡರಲ್ಲೂ ಒಂದೇ ಥರ ಕಾಣಬೇಕು. ಗೆರೆಗಳು ನೆಟ್ಟಗೆ ಕಾಣಬೇಕು. ಒಂದರಲ್ಲಿ ಮಸುಕು, ಇಲ್ಲವೇ ಗೆರೆ ಸೊಟ್ಟ ಅಂದರೆ ತೋರಿಸಲೇಬೇಕು. ಮನೆಯವರಿಗೆಲ್ಲ ಮಾಡಿಸಿ, ಮುಖ್ಯವಾಗಿ ಮಕ್ಕಳಿಗೆ. ಚಿಕ್ಕ ಮಕ್ಕಳಲ್ಲಿ ಒಂದು ಕಣ್ಣು ಮಂದ ಇದ್ದು ಬಿಟ್ಟುಬಿಟ್ಟರೆ ಮಿದುಳು ಆ ಕಣ್ಣನ್ನು ಬಳಸುವುದನ್ನೇ ನಿಲ್ಲಿಸುತ್ತದೆ. ಅದಕ್ಕೆ ಸೋಮಾರಿ ಕಣ್ಣು ಅನ್ನುತ್ತಾರೆ. ಏಳೆಂಟು ವರ್ಷದ ಒಳಗೆ ಹಿಡಿದರೆ ಸರಿಪಡಿಸುವುದು ಸುಲಭ. ದೊಡ್ಡವರಾದ ಮೇಲೆ ಬಹಳ ಕಷ್ಟ. ಮೆಳ್ಳಗಣ್ಣು ಇದ್ದರೆ ಅದೃಷ್ಟ ಅಂತ ಸುಮ್ಮನಿರಬೇಡಿ, ಚಿಕ್ಕಂದಿನಲ್ಲೇ ತೋರಿಸಿ.

ಎರಡನೆಯದು, ನಿಧಾನವಾಗಿ ಬಂತೋ ದಿಢೀರನೆ ಬಂತೋ? ನಿಧಾನವಾಗಿ ಬರುವುದರಲ್ಲಿ ಹೆಚ್ಚಿನವು ಸುಲಭದವು. ನನಗೆ ಬಂದಿದ್ದು ಸಮೀಪದೃಷ್ಟಿ. ಕಣ್ಣುಗುಡ್ಡೆ ಸ್ವಲ್ಪ ಉದ್ದವಾಗಿ ದೂರದ ವಸ್ತುವಿನ ಚಿತ್ರ ರೆಟಿನಾಕ್ಕೆ ಮುಂಚೆಯೇ ಮೂಡುತ್ತದೆ. ನಿಮ್ನ ಮಸೂರದ ಕನ್ನಡಕ ಹಾಕಿದರೆ ಸರಿಹೋಗುತ್ತದೆ. ಕನ್ನಡಕ ಹಾಕಿದರೆ ನಂಬರ್ ಜಾಸ್ತಿಯಾಗುತ್ತದೆ ಅನ್ನುವುದು ಸುಳ್ಳು. ಮಕ್ಕಳು ಬೆಳೆಯುವಾಗ ಕಣ್ಣುಗುಡ್ಡೆಯೂ ಬೆಳೆಯುತ್ತದೆ, ಅದಕ್ಕೆ ನಂಬರ್ ಬದಲಾಗುತ್ತದೆ. ದಿನಕ್ಕೆ ಎರಡು ಗಂಟೆಯಷ್ಟು ಹೊತ್ತು ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿ ಬರುವುದು ಕಡಿಮೆ ಎಂದು ತಜ್ಞರು ಹೇಳುತ್ತಾರೆ. ಆದ್ದರಿಂದ ಪಿ.ಟಿ. ಪೀರಿಯಡ್ ತೆಗೆದು ಗಣಿತ ಮಾಡಬೇಡಿ ಎಂದು ಮೇಷ್ಟ್ರುಗಳಲ್ಲಿ ವಿನಂತಿ. ಮಕ್ಕಳೇ, ಈಗ ಚಪ್ಪಾಳೆ ಹೊಡೆಯಬಹುದು.

ನಲವತ್ತು ದಾಟಿದವರಿಗೆ ಬರುವುದು ಚಾಳೀಸು. ಸೂಜಿಗೆ ದಾರ ಪೋಣಿಸಲಾಗುವುದಿಲ್ಲ, ಲಗ್ನಪತ್ರಿಕೆಯನ್ನು ಕೈ ನೀಡಿ ದೂರ ಹಿಡಿದು ಓದಬೇಕಾಗುತ್ತದೆ. ಒಳಗಿನ ಮಸೂರ ಬಾಗುವ ಗುಣ ಕಳೆದುಕೊಂಡಿದ್ದರಿಂದ ಹೀಗಾಗುತ್ತದೆ. ಹತ್ತಿರದ ಕನ್ನಡಕ ಸಾಕು. ಆದರೆ ಅದನ್ನು ಸಂತೆಯಲ್ಲಿ, ಜಾತ್ರೆಯಲ್ಲಿ ಕಣ್ಣಿಗೆ ಹಾಕಿ ನೋಡಿ ತರುವ ಬದಲು ಒಮ್ಮೆ ಪರೀಕ್ಷೆ ಮಾಡಿಸಿ ತನ್ನಿ. ಯಾಕೆಂದರೆ ಆ ಪರೀಕ್ಷೆಯ ದಿನವೇ ಬೇರೆ ಕಾಯಿಲೆಗಳೂ ಸಿಕ್ಕಿಬೀಳುತ್ತವೆ.

ಇನ್ನು ಪೊರೆ. ಮಸೂರ ವಯಸ್ಸಿನಿಂದ ಮಬ್ಬಾಗುತ್ತದೆ. ನೋವಿಲ್ಲ, ಕೆಂಪಿಲ್ಲ. ರಾತ್ರಿ ಎದುರಿನಿಂದ ಬರುವ ಗಾಡಿಯ ಲೈಟು ಕಣ್ಣಿಗೆ ರಾಚುತ್ತದೆ, ಬಣ್ಣಗಳು ಹಳದಿಗಟ್ಟಿದ ಹಾಗೆ ಕಾಣುತ್ತವೆ. ಇದನ್ನು ಕರಗಿಸುವ ಡ್ರಾಪ್ಸ್ ಇಲ್ಲ, ಸೊಪ್ಪಿನ ರಸವೂ ಇಲ್ಲ. ಮಬ್ಬಾದ ಮಸೂರ ತೆಗೆದು ಕೃತಕ ಮಸೂರ ಇಡುವ ಆಪರೇಷನ್ ಒಂದೇ ದಾರಿ. ಪೊರೆ ಬಲಿಯಲಿ, ಹಣ್ಣಾಗಲಿ ಎಂದು ನಮ್ಮ ಅಜ್ಜಿಯ ಕಾಲದಲ್ಲಿ ಕಾಯುತ್ತಿದ್ದರು. ಈಗ ಹಾಗೆ ಕಾಯಬೇಕಾಗಿಲ್ಲ. ಅತಿಯಾಗಿ ಬಲಿತರೆ ಆಪರೇಷನ್ನೇ ಕಷ್ಟ. ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದೆ ಅಂದರೆ ಡಾಕ್ಟರ ಹತ್ತಿರ ಹೋಗುವ ಕಾಲ ಬಂತು ಎಂದೇ ಅರ್ಥ.

ನಿಧಾನವಾಗಿ ಬರುವುದರಲ್ಲೇ ಇಬ್ಬರು ಕಳ್ಳರಿದ್ದಾರೆ. ಒಬ್ಬ ಗ್ಲಾಕೋಮಾ. ಕಣ್ಣಿನ ಒಳಗಿನ ಒತ್ತಡ ಸಾಮಾನ್ಯವಾಗಿ ಹೆಚ್ಚಾಗಿ ನರವನ್ನು ಸವೆಸುತ್ತದೆ. ಮೊದಲು ಪಕ್ಕದ ನೋಟ ಹೋಗುತ್ತದೆ, ನೇರ ನೋಟ ಕೊನೆಯವರೆಗೂ ಇರುತ್ತದೆ. ಹಾಗಾಗಿ ಗೊತ್ತಾಗುವುದೇ ಇಲ್ಲ. ಹೋದ ನೋಟ ಮತ್ತೆ ಬರುವುದಿಲ್ಲ, ಉಳಿದದ್ದನ್ನು ದಿನಾ ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಬಹುದು. ಅಪ್ಪ, ಅಮ್ಮ, ಅಣ್ಣ, ಅಕ್ಕ ಯಾರಿಗಾದರೂ ಇದ್ದರೆ ನಿಮಗೂ ಬರುವ ಸಾಧ್ಯತೆ ಹೆಚ್ಚು. ನಲವತ್ತರ ಮೇಲೆ ಎಲ್ಲ ಸರಿ ಇದೆ ಅನಿಸಿದರೂ ಒಮ್ಮೆ ಒತ್ತಡ ಮತ್ತು ನರ ಎರಡನ್ನೂ ನೋಡಿಸಿ.

ಇನ್ನೊಬ್ಬ ಸಕ್ಕರೆ ಕಾಯಿಲೆ. ನನ್ನ ಅಪ್ಪನ ಕಣ್ಣು ಕದ್ದವನು ಇವನೇ.

ಅಪ್ಪನಿಗೆ ಶುಗರ್ ಇರುವುದು ಗೊತ್ತಾಗಿ ಎಂಟು ವರ್ಷವಾಗಿತ್ತು. ಮಾತ್ರೆ ನುಂಗುತ್ತಿದ್ದರು. ನಾನು ಬೆಂಗಳೂರಿನಿಂದ ಪ್ರತಿ ಭಾನುವಾರ ಫೋನ್ ಮಾಡಿ ಮಳೆ ಆಯಿತಾ, ಕಾಯಿ ಕೆಡವಿಸಿದಿರಾ, ಮಾತ್ರೆ ಇದೆಯಾ ಎಂದು ಕೇಳುತ್ತಿದ್ದೆ. ಒಂದು ಭಾನುವಾರ ಅವರು, "ಯಾಕೋ ಬಲಗಣ್ಣು ಮಂಜು ಮಂಜು ಆಗ್ತದೆ ಮಗಾ. ವಯಸ್ಸಾಯ್ತಲ್ಲ, ಪೊರೆ ಬಂದಿರ್ಬೇಕು ಬಿಡು" ಅಂದರು. ನಾನು ಏನು ಮಾಡಿದೆ ಗೊತ್ತೇ? ಆನ್‌ಲೈನ್‌ನಲ್ಲಿ ಒಂದು ರೆಡಿಮೇಡ್ ಕನ್ನಡಕ ಆರ್ಡರ್ ಮಾಡಿ ಮನೆಗೆ ಕಳಿಸಿದೆ. ಮಗ ಕನ್ನಡಕ ಕಳಿಸಿದ ಎಂದು ಅವರು ಊರಿಗೆಲ್ಲ ತೋರಿಸಿದರು. ಆ ಕನ್ನಡಕದಿಂದ ಏನೂ ಆಗುತ್ತಿರಲಿಲ್ಲ, ಅದು ಗೊತ್ತಾಗಿದ್ದು ಆಮೇಲೆ. ಮಂಜು ಹೋಗಲಿಲ್ಲ ಅಂದಾಗ ಪಟ್ಟಣದ ಮೆಡಿಕಲ್ ಶಾಪೊಂದರಲ್ಲಿ ಚೀಟಿ ಇಲ್ಲದೆಯೇ ಡ್ರಾಪ್ಸ್ ಕೊಟ್ಟರು. ಅದನ್ನೂ ಒಂದು ತಿಂಗಳು ಹಾಕಿಕೊಂಡರು.

ಒಂದು ದಿನ ಅಟ್ಟದಿಂದ ಕೊಬ್ಬರಿ ಇಳಿಸುವಾಗ ಎಡಗಣ್ಣಿಗೆ ನಾರಿನ ಧೂಳು ಬಿತ್ತು. ಉಜ್ಜಿಕೊಳ್ಳಲು ಎಡಗಣ್ಣು ಮುಚ್ಚಿದರು. ಎದುರಿಗೆ ಚೀಲ ಹಿಡಿದು ನಿಂತಿದ್ದ ಅವ್ವನ ಮುಖ ಕಾಣಲಿಲ್ಲ. ಒಂದು ಕಂದು ಬಣ್ಣದ ನೆರಳು ಮಾತ್ರ ಕಂಡಿತಂತೆ. ಆಗಲೂ ಅವರು ಯಾರಿಗೂ ಹೇಳಲಿಲ್ಲ. ಕೊಬ್ಬರಿ ತಿಪಟೂರು ಮಾರ್ಕೆಟ್ಟಿಗೆ ಹೋಗಲಿ, ದುಡ್ಡು ಬರಲಿ, ಆಮೇಲೆ ನೋಡೋಣ ಎಂದು ಎರಡು ತಿಂಗಳು ಸುಮ್ಮನಿದ್ದರು. ನಾನು ಹಬ್ಬಕ್ಕೆ ಬಂದಾಗ ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದರು. ಅವತ್ತು ರಾತ್ರಿಯೇ ಕೇಳಿ ತಿಳಿದುಕೊಂಡೆ.

ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ಒಳಗೆ ನೋಡಿದರು. ಸಕ್ಕರೆ ಹೆಚ್ಚಾಗಿ ಬಹಳ ವರ್ಷ ಇದ್ದರೆ ರೆಟಿನಾದ ಸಣ್ಣ ರಕ್ತನಾಳಗಳು ಸೋರುತ್ತವೆ, ಹೊಸದಾಗಿ ದುರ್ಬಲ ನಾಳಗಳು ಹುಟ್ಟಿಕೊಂಡು ಒಡೆಯುತ್ತವೆ. ಅಪ್ಪನ ಬಲಗಣ್ಣಿನಲ್ಲಿ ರಕ್ತ ತುಂಬಿ ರೆಟಿನಾ ಎಳೆದುಕೊಂಡು ಬಂದಿತ್ತು. ಎಡಗಣ್ಣಿನಲ್ಲೂ ಶುರುವಾಗಿತ್ತು. ಡಾಕ್ಟರಮ್ಮ ಬೈಯಲಿಲ್ಲ. "ಶುಗರ್ ಗೊತ್ತಾದ ವರ್ಷದಿಂದ ವರ್ಷಕ್ಕೊಂದು ಸಲ ಹೀಗೆ ಡ್ರಾಪ್ಸ್ ಹಾಕಿಸಿ ನೋಡಿಸಿದ್ದರೆ ಎರಡೂ ಉಳೀತಿತ್ತು" ಅಂದರು. ಬಲಗಣ್ಣಿಗೆ ಆಪರೇಷನ್ ಮಾಡಿದರೂ ಈಗ ಕೈ ಆಡಿಸಿದರೆ ಮಾತ್ರ ಗೊತ್ತಾಗುತ್ತದೆ. ಎಡಗಣ್ಣಿಗೆ ಲೇಸರ್ ಮಾಡಿ, ಇಂಜೆಕ್ಷನ್ ಕೊಟ್ಟು ಉಳಿಸಿದರು. ಆ ಒಂದು ಕಣ್ಣಿನಲ್ಲಿ ಅಪ್ಪ ದಿನಾ ಪೇಪರ್ ಓದುತ್ತಾರೆ.

ಸ್ನೇಹಿತರೇ, ನಾನು ಓದಿದವನು. ಎಂಟನೇ ಕ್ಲಾಸಿನಲ್ಲಿ ನನ್ನ ಕಣ್ಣು ಮಂಜಾದಾಗ ಅಪ್ಪ ಒಂದು ದಿನದ ಕೂಲಿಯಾಳುಗಳನ್ನು ಬಿಟ್ಟು ನನ್ನನ್ನು ತುಮಕೂರಿಗೆ ಕರೆದುಕೊಂಡು ಹೋಗಿದ್ದರು. ಅವರ ಕಣ್ಣು ಮಂಜಾದಾಗ ನಾನು ಪಾರ್ಸೆಲ್ ಕಳಿಸಿದೆ. ಎಐ ಬಿಟ್ಟು ಈ ವಿಷಯ ಆರಿಸಿಕೊಂಡದ್ದು ಇದಕ್ಕೇ. ಹೊರಗಿರುವ ನಮ್ಮಂಥವರು ಫೋನ್ ಮಾಡಿದಾಗ ಅಪ್ಪ ಅವ್ವನಿಗೆ ಇನ್ನೊಂದು ಪ್ರಶ್ನೆ ಸೇರಿಸಿ ಕೇಳಿ: "ಒಂದೊಂದೇ ಕಣ್ಣು ಮುಚ್ಚಿ ನೋಡಿದ್ರಾ?"

ಮೂರನೆಯ ಪ್ರಶ್ನೆ, ಮಂಜು ಬಂದು ಬಂದು ಹೋಗುತ್ತದೆಯೋ? ಸಕ್ಕರೆ ಏರಿ ಇಳಿದರೆ ಮಸೂರ ನೀರು ಹೀರಿ ಉಬ್ಬುತ್ತದೆ, ನೋಟವೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಎಷ್ಟೋ ಜನಕ್ಕೆ ಶುಗರ್ ಇರುವುದು ಮೊದಲು ಗೊತ್ತಾಗುವುದೇ ಹೀಗೆ. ಅಂಥ ಸಮಯದಲ್ಲಿ ಕನ್ನಡಕ ಮಾಡಿಸಿದರೆ ಒಂದೇ ತಿಂಗಳಿಗೆ ದಂಡವಾಗಬಹುದು. ಮೊದಲು ಸಕ್ಕರೆ ಹತೋಟಿಗೆ ಬರಲಿ.

ನಮ್ಮಂಥ ಕಂಪ್ಯೂಟರ್ ಕೆಲಸದವರಿಗೆ, ಮೊಬೈಲ್ ಬಿಡದ ಮಕ್ಕಳಿಗೆ ಸಂಜೆಯ ಹೊತ್ತಿಗೆ ಬರುವ ಮಂಜು ಬೇರೆ. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಸಲದ ಆಸುಪಾಸು ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕೂ ಕಡಿಮೆಯಾಗಬಹುದು. ಕಣ್ಣು ಒಣಗುತ್ತದೆ, ಉರಿಯುತ್ತದೆ, ಅಕ್ಷರ ಕಲಸಿಹೋಗುತ್ತದೆ. ನಾಲ್ಕು ಸಲ ರೆಪ್ಪೆ ಬಡಿದರೆ ತಿಳಿಯಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು, ಇಪ್ಪತ್ತು ಸೆಕೆಂಡ್ ನೋಡಿ. ನಾನು ಆಫೀಸಿನ ಕಿಟಕಿಯಾಚೆ ಇರುವ ಒಂದು ಮರ ಗುರುತು ಮಾಡಿಕೊಂಡಿದ್ದೇನೆ.

ನಾಲ್ಕನೆಯದು, ಜೊತೆಗೆ ಇನ್ನೇನಿದೆ? ಈಗ ಹೇಳುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಇವು ಬಂದರೆ ಹಬ್ಬ, ಮದುವೆ, ಕೊಯ್ಲು ಯಾವುದನ್ನೂ ನೋಡದೆ ಅವತ್ತೇ ಹೊರಡಬೇಕು.

ಒಂದು, ಒಂದು ಕಣ್ಣಿನ ಅಥವಾ ಎರಡರ ನೋಟ ದಿಢೀರನೆ ಹೋದರೆ. ಹತ್ತು ನಿಮಿಷದಲ್ಲಿ ತಾನಾಗಿ ಮರಳಿ ಬಂದರೂ ಬಿಡಬೇಡಿ.

ಎರಡು, ಮಂಜಿನ ಜೊತೆ ಬಾಯಿ ಸೊಟ್ಟಗಾದರೆ, ಒಂದು ಕೈ ಕಾಲು ಸೋತರೆ, ಮಾತು ತೊದಲಿದರೆ. ಇದು ಕಣ್ಣಿನದಲ್ಲ, ಲಕ್ವ. ಕೂಡಲೇ 108ಕ್ಕೆ ಫೋನ್ ಮಾಡಿ.

ಮೂರು, ಕಣ್ಣಿನೊಳಗೆ ಮಿಂಚು ಹೊಡೆದ ಹಾಗಾಗಿ, ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಮಳೆ ಬಂದ ಹಾಗಾಗಿ, ಒಂದು ಕಡೆಯಿಂದ ಪರದೆ ಎಳೆದ ಹಾಗೆ ಕತ್ತಲಾದರೆ. ರೆಟಿನಾ ಹರಿದು ಬಿಚ್ಚಿಕೊಳ್ಳುತ್ತಿರಬಹುದು.

ನಾಲ್ಕು, ಕಣ್ಣು ಕೆಂಪಾಗಿ, ವಿಪರೀತ ನೋವು, ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ. ಒತ್ತಡ ದಿಢೀರನೆ ಏರುವ ಗ್ಲಾಕೋಮಾ ಇದು. ಪಿತ್ತ ಎಂದು ನಿಂಬೆ ಷರಬತ್ತು ಕುಡಿದು ಮಲಗಿಬಿಟ್ಟರೆ ಕಣ್ಣೇ ಹೋಗಬಹುದು.

ಐದು, ಬಸುರಿ ಹೆಣ್ಣುಮಕ್ಕಳಿಗೆ, ಬಾಣಂತಿಯರಿಗೂ, ಕಣ್ಣು ಮಂಜಾಗಿ ತಲೆನೋವು, ಮುಖ ಕೈಕಾಲು ಊತ ಬಂದರೆ. ಬಿ.ಪಿ. ಏರಿರಬಹುದು. ತಾಯಿ ಮಗು ಇಬ್ಬರಿಗೂ ಅಪಾಯ.

ಆರು, ಕಣ್ಣಿಗೆ ಪೆಟ್ಟು ಬಿದ್ದರೆ, ಏನಾದರೂ ಚುಚ್ಚಿದರೆ. ಭತ್ತದ ಗರಿ, ಕಬ್ಬಿನ ಸೋಗೆ, ರಾಗಿ ಬಡಿಯುವಾಗಿನ ಹೊಟ್ಟು, ಮುಳ್ಳು, ವೆಲ್ಡಿಂಗ್ ಕಿಡಿ, ದೀಪಾವಳಿ ಪಟಾಕಿ. ಚುಚ್ಚಿಕೊಂಡಿರುವುದನ್ನು ಕೀಳಬೇಡಿ, ಉಜ್ಜಬೇಡಿ.

ಸುಣ್ಣ, ಗೊಬ್ಬರ, ಔಷಧಿ ಹೊಡೆಯುವಾಗಿನ ಹನಿ ಕಣ್ಣಿಗೆ ಬಿದ್ದರೆ ಮಾತ್ರ ಕ್ರಮ ಬೇರೆ. ಆಸ್ಪತ್ರೆಗೆ ಓಡುವ ಮೊದಲೇ ಅಲ್ಲೇ ಶುದ್ಧ ನೀರಿನಿಂದ ಇಪ್ಪತ್ತು ನಿಮಿಷವಾದರೂ ತೊಳೆಯಬೇಕು. ರೆಪ್ಪೆ ಬಿಡಿಸಿ ನೀರು ಸುರಿಯುತ್ತಲೇ ಇರಬೇಕು. ಎಲೆ ಅಡಿಕೆಯ ತಟ್ಟೆಯಲ್ಲಿರುವ ಸುಣ್ಣದ ಡಬ್ಬಿ, ಟ್ಯೂಬು ಮಕ್ಕಳ ಕೈಗೆ ಸಿಗದಂತೆ ಇಡಿ. ಹಿಸುಕಿದಾಗ ನೇರ ಕಣ್ಣಿಗೇ ಹಾರುತ್ತದೆ.

ಇನ್ನು ಮಾಡಬಾರದ್ದು. ಕಣ್ಣಿಗೆ ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ, ಜೇನು ಯಾವುದನ್ನೂ ಬಿಡಬೇಡಿ. ನಾಲಿಗೆಯಿಂದ ಕಸ ತೆಗೆಸಬೇಡಿ. ಗಾಯವಾದ ಕಾರ್ನಿಯಾಕ್ಕೆ ಇವುಗಳಿಂದ ಸೋಂಕು ತಗುಲಿ ಹುಣ್ಣಾಗಿ ಬಿಳಿ ಕಲೆ ಉಳಿಯುತ್ತದೆ. ಚೀಟಿ ಇಲ್ಲದೆ ಅಂಗಡಿಯಿಂದ ಡ್ರಾಪ್ಸ್ ತರಬೇಡಿ. ಕೆಲವು ಡ್ರಾಪ್ಸ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ಎರಡು ದಿನ ಹಿತ ಕೊಟ್ಟು ಸೋಂಕನ್ನು ಬೆಳೆಸಬಹುದು. ತಿಂಗಳುಗಟ್ಟಲೆ ಹಾಕಿದರೆ ಗ್ಲಾಕೋಮಾ, ಪೊರೆ ಎರಡನ್ನೂ ತರಬಹುದು.

ಎಲ್ಲಿಗೆ ಹೋಗಬೇಕು ಎಂದು ಕೇಳುತ್ತೀರಿ. ಮೊದಲು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರ ಹತ್ತಿರ ವಿಚಾರಿಸಿ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ. ಬೆಂಗಳೂರಿನಲ್ಲಿ ಸರ್ಕಾರದ ಮಿಂಟೋ ಕಣ್ಣಾಸ್ಪತ್ರೆ ನೂರು ವರ್ಷಕ್ಕೂ ಹಿಂದಿನದು. ಶಾಲಾ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಅವತ್ತು ಶಾಲೆ ತಪ್ಪಿಸಬೇಡಿ. ಪರೀಕ್ಷೆಗೆ ಹೋಗುವಾಗ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಪಾಪೆ ಹಿಗ್ಗಿಸಿದ ಮೇಲೆ ಕೆಲವು ಗಂಟೆ ಮಸುಕಾಗೇ ಇರುತ್ತದೆ, ಬೈಕ್ ಓಡಿಸಬಾರದು. ನುಂಗುವ ಮಾತ್ರೆಗಳ ಚೀಟಿ, ಹಳೆಯ ಕನ್ನಡಕ ಎರಡನ್ನೂ ಒಯ್ಯಿರಿ.

ನಮ್ಮ ನಾಡಿಗೆ ಈ ವಿಷಯ ಹೊಸದಲ್ಲ. ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ ಉಚಿತವಾಗಿ ಪೊರೆ ತೆಗೆದರು. ಇಲ್ಲಿರುವ ಹಿರಿಯರಿಗೆ ಅವರ ಹೆಸರು ನೆನಪಿರುತ್ತದೆ. ದೇಶದಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1976ರಲ್ಲಿ, ಹೆಚ್ಚುಕಡಿಮೆ ನಮ್ಮ ಶಾಲೆಯ ವಯಸ್ಸೇ ಅದಕ್ಕೂ. ಡಾ. ರಾಜ್‌ಕುಮಾರ್ 2006ರಲ್ಲಿ ಹೋದಾಗ ಅವರ ಕಣ್ಣುಗಳನ್ನು ದಾನ ಮಾಡಿದರು. 2021ರಲ್ಲಿ ಪುನೀತ್ ಹೋದಾಗ ಅವರ ಎರಡು ಕಣ್ಣುಗಳ ಕಾರ್ನಿಯಾದಿಂದ ನಾಲ್ಕು ಜನಕ್ಕೆ ನೋಟ ಬಂತು. ಕಾರ್ನಿಯಾ ಕೆಟ್ಟು ಕಣ್ಣು ಹೋದವರಿಗೆ ಅದೊಂದೇ ಆಸರೆ. ಕನ್ನಡಕ ಹಾಕುವವರೂ, ಶುಗರ್ ಇರುವವರೂ ಕೊಡಬಹುದು. ಸಾವಿನ ನಂತರ ಆರು ಗಂಟೆಯೊಳಗೆ ತೆಗೆದುಕೊಳ್ಳಬೇಕು, ಆದ್ದರಿಂದ ಮನೆಯವರಿಗೆ ಮೊದಲೇ ಹೇಳಿಟ್ಟಿರಬೇಕು. ಅಪ್ಪ ನಮಗೆ ಹೇಳಿಟ್ಟಿದ್ದಾರೆ.

ಕೊನೆಯದಾಗಿ ಒಂದು ಸಣ್ಣ ಕಾಣಿಕೆ. ನಮ್ಮ ಬ್ಯಾಚಿನವರು ಸೇರಿ ಕಣ್ಣು ಪರೀಕ್ಷೆಯ ಕನ್ನಡ ಅಕ್ಷರ ಪಟ್ಟಿಯೊಂದನ್ನು ಆಫೀಸ್ ರೂಮಿನ ಪಕ್ಕದ ಗೋಡೆಗೆ ಹಾಕಿಸಿದ್ದೇವೆ. ಅದರಿಂದ ಸರಿಯಾಗಿ ಆರು ಮೀಟರ್ ದೂರಕ್ಕೆ ವರಾಂಡದಲ್ಲಿ ಒಂದು ಹಳದಿ ಗೆರೆ ಎಳೆಸಿದ್ದೇವೆ. ಪ್ರತಿ ವರ್ಷ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಸೇರುವ ಪ್ರತಿಯೊಂದು ಮಗುವೂ ಆ ಗೆರೆಯ ಮೇಲೆ ನಿಂತು ಒಂದೊಂದೇ ಕಣ್ಣಿನಲ್ಲಿ ಓದಲಿ ಎಂದು ಮೇಷ್ಟ್ರುಗಳಲ್ಲಿ ಕೇಳಿಕೊಳ್ಳುತ್ತೇನೆ. ಯಾವ ಮಗುವಿಗೆ ಕಾಣುವುದಿಲ್ಲವೋ ಅದರ ಹೆಸರನ್ನು ನಮಗೆ ತಿಳಿಸಿ. ಪರೀಕ್ಷೆ ಮಾಡಿಸಿ ಕನ್ನಡಕ ಕೊಡಿಸುವ ಖರ್ಚು ನಮ್ಮ ಬ್ಯಾಚಿನದು. ಹೆಣ್ಣುಮಕ್ಕಳ ಮನೆಗೆ ಹೋಗಿ ಮಾತಾಡಬೇಕಾದರೆ ನಮ್ಮ ಬ್ಯಾಚಿನ ಹೆಣ್ಣುಮಕ್ಕಳೇ ಬರುತ್ತೇವೆ ಎಂದಿದ್ದಾರೆ. ಅವರಲ್ಲಿ ಮೊದಲು ಕೈ ಎತ್ತಿದವಳು ಆಗ ಕನ್ನಡಕ ಸಿಗದಿದ್ದ ಆ ನನ್ನ ಸಹಪಾಠಿ. ಅವಳೂ ಈಗ ಕನ್ನಡಕ ಹಾಕಿಕೊಂಡು ಇಲ್ಲೇ ಕೂತಿದ್ದಾಳೆ.

ನನ್ನನ್ನು ಒಂದೊಂದೇ ಹೆಜ್ಜೆ ಮುಂದೆ ಕರೆದ ಗಣಿತದ ಮೇಷ್ಟ್ರು ವೇದಿಕೆಯ ಮೇಲಿದ್ದಾರೆ. ಅವರ ಪಾದಗಳಿಗೆ ನಮಸ್ಕರಿಸಿ ನನ್ನ ಮಾತು ಮುಗಿಸುತ್ತೇನೆ. ಊಟಕ್ಕೆ ಏಳುವ ಮೊದಲು ಎಲ್ಲರೂ ಒಮ್ಮೆ ಒಂದು ಕಣ್ಣು ಮುಚ್ಚಿ, ಈ ವೇದಿಕೆಯ ಮೇಲಿನ ಬ್ಯಾನರ್ ಓದಿ. ಆಮೇಲೆ ಇನ್ನೊಂದು ಕಣ್ಣು.

ಜೈ ಹಿಂದ್, ಜೈ ಕರ್ನಾಟಕ.